ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಮೊದಲ ಆಲ್ಬಮ್: ಇಂದು ಕೇಳಿದರೆ ಏನು ಉಳಿದಿದೆ?

ಹಳೇಕ್ಯಾಸೆಟ್

ಅಮೆರಿಕದ ಐವರು ಗಾಯಕರ ಪಾಪ್ ತಂಡವಾದ ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ ಮೊದಲ ಆಲ್ಬಮ್ ಬಗ್ಗೆ ಇಲ್ಲಿ ಆಗಾಗ ಮಾತು ಬರುತ್ತದೆ. ಆದರೆ ಒಬ್ಬರು ಒಂದು ಆಲ್ಬಮ್ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದರೆ ಇನ್ನೊಬ್ಬರು ಬೇರೆಯದನ್ನೇ ಇಟ್ಟುಕೊಂಡು ಉತ್ತರಿಸುವುದರಿಂದ ವಾದ ಬಗೆಹರಿಯುವುದೇ ಇಲ್ಲ. ತಂಡದ ಹೆಸರನ್ನೇ ಹೊತ್ತ ಆಲ್ಬಮ್‌ಗಳು ಎರಡಿವೆ. 1996ರ ಮೇ ತಿಂಗಳಲ್ಲಿ ಯೂರೋಪಿನಲ್ಲಿ ಬಂದದ್ದು ಮೊದಲನೆಯದು. ಅದು ಅಮೆರಿಕದಲ್ಲಿ ಬಿಡುಗಡೆಯಾಗಲೇ ಇಲ್ಲ. 1997ರ ಆಗಸ್ಟ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದದ್ದು ಆ ಮೊದಲ ಆಲ್ಬಮ್‌ನ ಆರು ಹಾಡುಗಳಿಗೆ, ಅದೇ ತಿಂಗಳು ಹೊರದೇಶಗಳಲ್ಲಿ ಬಂದ ಎರಡನೇ ಆಲ್ಬಮ್ ‘ಬ್ಯಾಕ್‌ಸ್ಟ್ರೀಟ್ಸ್ ಬ್ಯಾಕ್’ನಿಂದ ಐದನ್ನು ಸೇರಿಸಿ ಕಟ್ಟಿದ ಸಂಗ್ರಹ. ಅಮೆರಿಕದಲ್ಲಿ 1 ಕೋಟಿ 40 ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆದದ್ದು ಅಮೆರಿಕದ ಈ ಸಂಗ್ರಹ.

ನನ್ನ ಅಭಿಪ್ರಾಯ ಹೀಗಿದೆ. 1997ರದ್ದು ಹೆಚ್ಚು ಜಯಶಾಲಿಯಾದ ಆಲ್ಬಮ್ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಆ ಐವರು ಯಾರು, ಯಾವ ಸಂಗೀತ ಕೇಳಿ ಬೆಳೆದವರು, ಏನಾಗಬೇಕೆಂದು ಹೊರಟವರು ಎಂಬುದು ತಿಳಿಯಬೇಕಾದರೆ 1996ರದ್ದನ್ನೇ ಕೇಳಬೇಕು. ಅದರೊಳಗೆ ಎರಡು ತಂಡಗಳಿವೆ. ಒಂದು, ಬಾಯ್ಜ್ ಟು ಮೆನ್ ತಂಡವನ್ನು ಆರಾಧಿಸುತ್ತ ನಿಧಾನಗತಿಯ ಪ್ರೇಮಗೀತೆಗಳನ್ನು ದನಿಗೂಡಿಸಿ ಹಾಡಲು ಬಯಸಿದ ಅಮೆರಿಕದ ಹುಡುಗರ ತಂಡ. ಇನ್ನೊಂದು, ಸ್ಟಾಕ್‌ಹೋಮ್‌ನ ಶೆರಾನ್ ಸ್ಟುಡಿಯೊ ಆಗಷ್ಟೇ ಕಂಡುಕೊಳ್ಳುತ್ತಿದ್ದ ಹೊಸ ಬಗೆಯ ಪಾಪ್ ಹಾಡಿಗೆ ದನಿ ಕೊಟ್ಟ ತಂಡ. ಮುಂದೆ ಗೆದ್ದದ್ದು ಎರಡನೆಯದೇ ಆದರೂ ಈ ಆಲ್ಬಮ್‌ನಲ್ಲಿ ಇನ್ನೂ ತೀರ್ಪಾಗಿಲ್ಲ, ಮತ್ತು ನನಗೆ ಇದು ಇಷ್ಟವಾಗುವುದು ಆ ಕಾರಣಕ್ಕೇ.

ನೀವೆಲ್ಲ ಏನೆನ್ನುತ್ತೀರಿ? ‘ಚಿಕ್ಕಂದಿನಲ್ಲಿ ಬಹಳ ಇಷ್ಟವಿತ್ತು’ ಎಂಬಲ್ಲಿಗೆ ನಿಲ್ಲಿಸದೆ, ಈಗ ಮತ್ತೊಮ್ಮೆ ಕೇಳಿ ಬರೆಯಬೇಕೆಂದು ವಿನಂತಿ.

ನಾಲ್ಕನೇದನಿ

ಹಳೇಕ್ಯಾಸೆಟ್ ಅವರೇ, ವಿಷಯ ಎತ್ತಿದ್ದಕ್ಕೆ ಧನ್ಯವಾದಗಳು. ನಾನು ಮಂಗಳೂರಿನವಳು, ಬಾಸೆಲ್ ಮಿಶನ್ ಪರಂಪರೆಯ ಚರ್ಚಿನ ಗಾಯನ ಮೇಳದಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುತ್ತ ಬೆಳೆದವಳು. ಆದ್ದರಿಂದ ನಾನು ಈ ಆಲ್ಬಮ್ ಕೇಳುವಾಗ ಕಿವಿ ಮೊದಲು ಹೋಗುವುದು ಯಾರು ಮುಖ್ಯ ಸಾಲು ಹಾಡುತ್ತಿದ್ದಾರೆ ಎಂಬುದರ ಕಡೆಗಲ್ಲ, ಅದರ ಕೆಳಗೆ ಯಾರು ಏನು ಹಿಡಿದಿದ್ದಾರೆ ಎಂಬುದರ ಕಡೆಗೆ.

ಐವರ ವಯಸ್ಸನ್ನು ಒಮ್ಮೆ ಗಮನಿಸಿ. ಆಲ್ಬಮ್ ಬಂದಾಗ ನಿಕ್ ಕಾರ್ಟರ್‌ಗೆ 16, ಕೆವಿನ್ ರಿಚರ್ಡ್‌ಸನ್‌ಗೆ 24. ಬಾಯ್ ಬ್ಯಾಂಡ್ ಎಂದು ಕರೆದರೂ ಇದರಲ್ಲಿ ಒಡೆದು ಇನ್ನೂ ಪೂರ್ತಿ ನೆಲೆಗೊಳ್ಳದ ಹುಡುಗನ ದನಿಯೂ ಇದೆ, ಪೂರ್ಣವಾಗಿ ಬಲಿತ ಮಂದ್ರದ ದನಿಯೂ ಇದೆ. ಮೇಲೆ ಹೋವಿ ಡರೋ ಅವರ ತೆಳುವಾದ ತಾರ ದನಿ, ನಡುವೆ ಬ್ರಯಾನ್ ಲಿಟ್ರೆಲ್ ಅವರ ತಿಳಿಯಾದ ಟೆನರ್, ಅದಕ್ಕೆ ಅಂಚು ಕೊಡುವಂತೆ ಎ.ಜೆ. ಮೆಕ್ಲೀನ್ ಅವರ ಸ್ವಲ್ಪ ಒರಟಾದ ದನಿ. ಕೆವಿನ್ ಮತ್ತು ಬ್ರಯಾನ್ ಕೆಂಟಕಿಯ ಸೋದರಸಂಬಂಧಿಗಳು, ಇಬ್ಬರೂ ಚರ್ಚಿನಲ್ಲಿ ಹಾಡಿ ಬೆಳೆದವರು. ಅದು ಕೇಳುವವರಿಗೆ ಗೊತ್ತಾಗುತ್ತದೆ: ಸ್ವರ ಹಿಡಿದು ನಿಲ್ಲುವಾಗ ಇಬ್ಬರೂ ಒಂದೇ ಬಗೆಯಲ್ಲಿ ಉಸಿರು ಬಿಡುತ್ತಾರೆ.

‘ಐ ವಿಲ್ ನೆವರ್ ಬ್ರೇಕ್ ಯುವರ್ ಹಾರ್ಟ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮಾತಿನಿಂದ ಶುರುವಾಗುವ ಆರಂಭ ಈಗ ನಗು ತರಿಸುತ್ತದೆ, ಒಪ್ಪುತ್ತೇನೆ. ಆ ಕಾಲದ ಆರ್ ಆಂಡ್ ಬಿ (ರಿದಮ್ ಆಂಡ್ ಬ್ಲೂಸ್ ಎಂಬ ಅಮೆರಿಕದ ಜನಪ್ರಿಯ ಸಂಗೀತ ಪ್ರಕಾರ) ಹಾಡುಗಳಲ್ಲಿ ಅದೊಂದು ರೂಢಿಯಾಗಿತ್ತು. ಆದರೆ ಪಲ್ಲವಿಗೆ ಬಂದಾಗ ದನಿಗಳು ಒಂದರ ಮೇಲೊಂದು ಸರಿದು ಕೂಡುವುದನ್ನು ಗಮನಿಸಿ. ಈ ಹಾಡು ಬರೆದವರಲ್ಲಿ ಒಬ್ಬರು ಯೂಜೀನ್ ವೈಲ್ಡ್, 80ರ ದಶಕದ ಆರ್ ಆಂಡ್ ಬಿ ಗಾಯಕರು. ಹುಡುಗರಿಗೆ ಏನು ಒಪ್ಪುತ್ತದೆ ಎಂದು ತಿಳಿದವರು ಕೊಟ್ಟ ಹಾಡು ಅದು. ನನ್ನ ಮಟ್ಟಿಗೆ ಈ ಆಲ್ಬಮ್‌ನ ಹೃದಯವಿರುವುದು ಅಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಅಲ್ಲ.

ಕಟುಕಿವಿ

ಇಬ್ಬರ ಉತ್ಸಾಹಕ್ಕೂ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲವಾದರೂ ಕೆಲವು ಸಂಗತಿಗಳನ್ನು ನೆನಪಿಸಲೇಬೇಕು. ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಬಾಡಿಗೆ ವಿಮಾನಗಳ ವ್ಯವಹಾರ ನಡೆಸುತ್ತಿದ್ದ ಲೂ ಪರ್ಲ್‌ಮನ್ ಎಂಬ ಉದ್ಯಮಿ, ನ್ಯೂ ಕಿಡ್ಸ್ ಆನ್ ದ ಬ್ಲಾಕ್ ತಂಡ ಗಳಿಸುತ್ತಿದ್ದ ಹಣ ನೋಡಿ, ಅಂಥದ್ದೇ ಒಂದು ತಂಡ ಕಟ್ಟಲು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹುಡುಗರನ್ನು ಆರಿಸಿದ. ತಂಡ 1993ರಲ್ಲಿ ರೂಪುಗೊಂಡಿತು. ಹೆಸರು ಕೂಡ ಅಲ್ಲಿನ ಬ್ಯಾಕ್‌ಸ್ಟ್ರೀಟ್ ಮಾರ್ಕೆಟ್ ಎಂಬ ಜಾಗದಿಂದ ಬಂದದ್ದು. ಹಾಡು ಬರೆದವರು ಬೇರೆ, ವಾದ್ಯ ನುಡಿಸಿದವರು ಬೇರೆ, ಹಾಡನ್ನು ಆರಿಸಿದವರು ಬೇರೆ. ಬ್ರಯಾನ್ ಬರೆದ ಹಾಡಿಗೆ ಜಾಗ ಸಿಕ್ಕಿದ್ದು ಎರಡನೇ ಆಲ್ಬಮ್‌ನಲ್ಲಿ.

ಹೀಗಿರುವಾಗ ಈ ಆಲ್ಬಮ್ ಅವರನ್ನು ‘ತಿಳಿಸುತ್ತದೆ’ ಎಂಬ ಹಳೇಕ್ಯಾಸೆಟ್ ಅವರ ಮಾತನ್ನು ಹೇಗೆ ಒಪ್ಪುವುದು? ಇದು ಮಾರುಕಟ್ಟೆಯ ಲೆಕ್ಕಾಚಾರದ ದಾಖಲೆ. ‘ಗೆಟ್ ಡೌನ್’ ಹಾಡನ್ನೇ ನೋಡಿ. ಅದು ಸ್ಟಾಕ್‌ಹೋಮ್‌ನದೂ ಅಲ್ಲ, ಅಮೆರಿಕದ್ದೂ ಅಲ್ಲ. ಜರ್ಮನಿಯ ಬುಲೆಂಟ್ ಆರಿಸ್ ಮತ್ತು ಟೋನಿ ಕೊತ್ತುರಾ ಮಾಡಿಕೊಟ್ಟದ್ದು. ನಡುವೆ ಬರುವ ರ್‍ಯಾಪ್ ಕೂಡ ಕೊತ್ತುರಾ ಅವರದೇ. ತಂಡಕ್ಕೆ ಜರ್ಮನಿಯಲ್ಲಿ ಅಭಿಮಾನಿಗಳು ಹೆಚ್ಚುತ್ತಿದ್ದರು, ಜರ್ಮನ್ ಕಿವಿಗೆ ರೂಢಿಯಾಗಿದ್ದ ಡ್ಯಾನ್ಸ್ ಬೀಟ್ ಸಿಕ್ಕಿತು, ಸೇರಿಸಿದರು. ನೀವು ಎರಡು ತಂಡ ಎಂದಿರಿ, ನನಗೆ ಕೇಳಿಸುವುದು ಮೂರು ನಾಲ್ಕು, ಒಂದೂ ತನ್ನದಾಗಿಲ್ಲ. ‘ಲೆಟ್ಸ್ ಹ್ಯಾವ್ ಎ ಪಾರ್ಟಿ’, ‘ರೋಲ್ ವಿತ್ ಇಟ್’ ಮುಂತಾದವನ್ನು ಇಂದು ಕೊನೆಯವರೆಗೆ ಕೇಳಬಲ್ಲವರು ಇಲ್ಲಿ ಯಾರಿದ್ದಾರೆ ಹೇಳಿ.

ಗೋಥೆನ್‌ಬರ್ಗಿನಿಂದ

ಕಟುಕಿವಿಯವರು ಕೊಟ್ಟ ಸಂಗತಿಗಳೆಲ್ಲ ಸರಿಯಾಗಿಯೇ ಇವೆ. ಆದರೂ ಅವರು ತಲುಪಿದ ತೀರ್ಮಾನ ಅವುಗಳಿಂದ ಹೊರಡುವುದಿಲ್ಲ. ಕೆಲಸದ ನಿಮಿತ್ತ ಸ್ವೀಡನ್‌ನಲ್ಲಿ ನೆಲೆಸಿರುವುದರಿಂದ ಸ್ಟಾಕ್‌ಹೋಮ್‌ನ ಭಾಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಶೆರಾನ್ ಸ್ಟುಡಿಯೊ ಕಟ್ಟಿದ ಡೆನ್ನಿಸ್ ಪಾಪ್ ಅವರ ನಿಜ ಹೆಸರು ದಾಗ್ ವೊಲ್ಲೆ. ಅವರು ಸಂಗೀತ ಕಲಿತವರಲ್ಲ, ಕ್ಲಬ್ಬುಗಳಲ್ಲಿ ಡಿಜೆ ಆಗಿದ್ದವರು. ಯಾವ ಕ್ಷಣದಲ್ಲಿ ಜನ ಕುಣಿಯುವ ಜಾಗಕ್ಕೆ ಬರುತ್ತಾರೆ, ಯಾವ ಕ್ಷಣದಲ್ಲಿ ಬಿಟ್ಟು ಹೋಗುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಕಲಿತವರು. ಅವರ ಬಳಿಗೆ ಬಂದ ಮ್ಯಾಕ್ಸ್ ಮಾರ್ಟಿನ್ ಇದಕ್ಕೆ ತದ್ವಿರುದ್ಧ: ಕಾರ್ಲ್ ಮಾರ್ಟಿನ್ ಸ್ಯಾಂಡ್‌ಬರ್ಗ್ ಎಂಬ ಹೆಸರಿನ ಈ ಯುವಕ ಇಲ್ಲಿನ ಸರ್ಕಾರಿ ನೆರವಿನ ಸಂಗೀತ ಶಾಲೆಯಲ್ಲಿ ಫ್ರೆಂಚ್ ಹಾರ್ನ್ ಕಲಿತು, ಆಮೇಲೆ ಇಟ್ಸ್ ಅಲೈವ್ ಎಂಬ ಮೆಟಲ್ ತಂಡದಲ್ಲಿ ಹಾಡುತ್ತಿದ್ದವನು. ಒಬ್ಬರಿಗೆ ಬೀಟ್ ಗೊತ್ತು, ಇನ್ನೊಬ್ಬರಿಗೆ ರಾಗಸಂಯೋಜನೆ ಗೊತ್ತು. 1995ರ ಜೂನ್‌ನಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಸ್ಟಾಕ್‌ಹೋಮ್‌ಗೆ ಬಂದಾಗ ಈ ಜೋಡಿಯೂ ಹೊಸತೇ. ಹುಡುಗರು ಎಷ್ಟು ಎಳಸೋ ಹಾಡು ಬರೆದವರೂ ಅಷ್ಟೇ ಎಳಸು.

‘ವಿ ಹ್ಯಾವ್ ಗಾಟ್ ಇಟ್ ಗೋಯಿನ್ ಆನ್’ ಆ ಭೇಟಿಯ ಹಾಡು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 69ನೇ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಅಲ್ಲಿನ ರೇಡಿಯೊಗಳಲ್ಲಿ ಆಗ ಗ್ರಂಜ್ ಎಂಬ ಒರಟು ರಾಕ್ ಮತ್ತು ಹಿಪ್‌ಹಾಪ್‌ನದೇ ಕಾಲ, ಐದು ಹುಡುಗರ ಪಾಪ್ ತಂಡ ಯಾರಿಗೂ ಬೇಕಿರಲಿಲ್ಲ. ಹಾಗಾಗಿಯೇ ತಂಡವನ್ನು ಯೂರೋಪಿಗೆ ಕಳಿಸಿದರು. ಕಟುಕಿವಿಯವರು ಹೇಳುವಂತೆ ಎಲ್ಲವೂ ಪಕ್ಕಾ ಲೆಕ್ಕಾಚಾರವಾಗಿದ್ದಿದ್ದರೆ, ಲೆಕ್ಕ ಹಾಕಿದವರ ಸ್ವಂತ ದೇಶದಲ್ಲೇ ಅದು ನೆಲಕಚ್ಚುತ್ತಿರಲಿಲ್ಲ.

ಈ ಹಾಡಿನ ರಚನೆಯನ್ನು ಹತ್ತಿರದಿಂದ ನೋಡಿ. ತಳದಲ್ಲಿ ಬಡಿಯುವ ಬೀಟ್ ಅಮೆರಿಕದ ಕರಿಯರ ಸಂಗೀತದಿಂದ ಕಲಿತದ್ದು. ಮೇಲಿನ ರಾಗ ಮಾತ್ರ ಸ್ವೀಡನ್ನಿನದು, ಅಂದರೆ ಒಂದೇ ಸಲಕ್ಕೆ ಬಾಯಿಗೆ ಬರುವಂಥದ್ದು. ಮ್ಯಾಕ್ಸ್ ಮಾರ್ಟಿನ್ ಅವರಿಗೆ ಸಾಲಿನ ಅರ್ಥಕ್ಕಿಂತ ಅದರಲ್ಲಿ ಎಷ್ಟು ಅಕ್ಷರ ಬರುತ್ತದೆ, ಒತ್ತು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಮಾತ್ರೆ ಎಣಿಸಿ ಷಟ್ಪದಿ ಬರೆದವರ ನಾಡಿನವರಾದ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರಬಾರದು.

ಹಳೇಕ್ಯಾಸೆಟ್

ಷಟ್ಪದಿಯ ಮಾತು ಚೆನ್ನಾಗಿದೆ, ಆದರೆ ಅಲ್ಲಿ ಅರ್ಥಕ್ಕೂ ಕವಿಗಳು ಸ್ವಲ್ಪ ಗಮನ ಕೊಡುತ್ತಿದ್ದರು ಎಂದು ಸೇರಿಸಲು ಅಪ್ಪಣೆ ಕೊಡಿ.

ಕಟುಕಿವಿಯವರಿಗೆ ಉತ್ತರ: ಹಾಡನ್ನು ಇನ್ನೊಬ್ಬರು ಬರೆದರು ಎಂಬುದು ಹಾಡುವವರ ಗುರುತನ್ನು ಅಳಿಸುವುದಾದರೆ, ನಮ್ಮ ಚಿತ್ರಗೀತೆಗಳ ಎಲ್ಲ ಹಿನ್ನೆಲೆ ಗಾಯಕರನ್ನೂ ನಾವು ಪಟ್ಟಿಯಿಂದ ಹೊಡೆದುಹಾಕಬೇಕಾಗುತ್ತದೆ. ‘ಕ್ವಿಟ್ ಪ್ಲೇಯಿಂಗ್ ಗೇಮ್ಸ್’ ಹಾಡನ್ನೇ ತೆಗೆದುಕೊಳ್ಳಿ. ಬರೆದವರು ಮ್ಯಾಕ್ಸ್ ಮಾರ್ಟಿನ್ ಮತ್ತು ಹರ್ಬಿ ಕ್ರಿಚ್‌ಲೋ. ಮೊದಲ ಆವೃತ್ತಿಯಲ್ಲಿ ಬ್ರಯಾನ್ ದನಿಯೇ ಹಾಡನ್ನು ಮುಂದಕ್ಕೆ ಒಯ್ಯುತ್ತದೆ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಹೊರತರುವಾಗ ಎರಡನೇ ಚರಣವನ್ನು ನಿಕ್ ಕೈಯಲ್ಲಿ ಮತ್ತೆ ಹಾಡಿಸಿದರು. ಸ್ವರಗಳು ಅವೇ, ಸಾಲುಗಳು ಅವೇ, ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಹಾಡಿನ ಭಾವ ಬದಲಾಗಿರುವುದು ತಿಳಿಯುತ್ತದೆ. ಬ್ರಯಾನ್ ಒಬ್ಬರೇ ಹಾಡಿದಾಗ ಅದು ಒಬ್ಬನ ದೂರು. ನಿಕ್ ಬಂದು ಸೇರಿದ ಮೇಲೆ, ಒಬ್ಬ ದೊಡ್ಡವನೂ ಒಬ್ಬ ಚಿಕ್ಕವನೂ ಒಂದೇ ನೋವನ್ನು ಸರದಿಯಲ್ಲಿ ಹೇಳಿಕೊಂಡಂತಾಗುತ್ತದೆ, ಮತ್ತು ಕೇಳುವ ಹದಿಹರೆಯದವರಿಗೆ ತಮ್ಮ ವಯಸ್ಸಿನ ಒಬ್ಬ ಆ ಹಾಡಿನೊಳಗೆ ಸಿಗುತ್ತಾನೆ. 1997ರಲ್ಲಿ ಅಮೆರಿಕದಲ್ಲಿ 2ನೇ ಸ್ಥಾನ ತಲುಪಿ ತಂಡಕ್ಕೆ ಬಾಗಿಲು ತೆರೆದದ್ದು ಈ ಹಾಡು. ಅಂದಮೇಲೆ ಯಾರು ಹಾಡುತ್ತಾರೆ ಎಂಬುದು ಲೆಕ್ಕಕ್ಕೆ ಬರುತ್ತದಲ್ಲವೇ?

ಕಟುಕಿವಿ

ಆ ಹಾಡು ಗೆಲ್ಲುವುದಕ್ಕೆ ಮಳೆಯಲ್ಲಿ ತೊಯ್ದು ಅಂಗಿ ಗುಂಡಿ ಬಿಚ್ಚಿಕೊಂಡು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನಿಂತ ವಿಡಿಯೊ ಕೂಡ ಸಾಕಷ್ಟು ನೆರವಾಯಿತು ಎಂಬುದನ್ನು ದಾಖಲಿಸಿ, ಬ್ರಯಾನ್ ಮತ್ತು ನಿಕ್ ದನಿಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆಲ್ಬಮ್ ಪೂರ್ತಿಯಾಗಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ.

ಕೆಪಾಪ್‌ಕಿವಿ

ನಾನು ಇಲ್ಲಿರುವವರಲ್ಲಿ ಚಿಕ್ಕವಳು ಎಂದು ಕಾಣುತ್ತದೆ. ನಾನು ಕೊರಿಯಾದ ಪಾಪ್ (ಕೆ-ಪಾಪ್) ತಂಡ ಬಿಟಿಎಸ್ ಕೇಳುತ್ತ ಸಂಗೀತಕ್ಕೆ ಬಂದವಳು, ಈ ಆಲ್ಬಮ್ ಬಂದಾಗ ಹುಟ್ಟಿಯೇ ಇರಲಿಲ್ಲ. ಆದ್ದರಿಂದ ಹಳೆಯ ನೆನಪಿನ ಭಾರವಿಲ್ಲದೆ ಕೇಳಿದ ಅನುಭವ ಹೇಳುತ್ತೇನೆ.

ಮೊದಲಿಗೆ ಅಚ್ಚರಿಯಾದದ್ದು, ಹಾಡುಗಳು ಎಷ್ಟು ಬಿಡುವಾಗಿವೆ ಎಂಬುದು. ಈಗಿನ ಪಾಪ್ ಹಾಡುಗಳಲ್ಲಿ ಎರಡು ಸಾಲಿನ ನಡುವೆ ಉಸಿರಾಡಲೂ ಜಾಗವಿರುವುದಿಲ್ಲ, ಎಲ್ಲ ಕಡೆ ಏನಾದರೊಂದು ಶಬ್ದ ತುಂಬಿರುತ್ತದೆ. ‘ಎನಿವೇರ್ ಫಾರ್ ಯು’ ಹಾಡಿನಲ್ಲಿ ಒಬ್ಬರ ದನಿ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ನಿಜವಾದ ಖಾಲಿ ಜಾಗವಿದೆ, ಮತ್ತು ಆ ಖಾಲಿ ಜಾಗದಿಂದಾಗಿ ಯಾರು ಹಾಡುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಇದೇ ಹಾಡಿಗೆ ಸ್ಪ್ಯಾನಿಷ್ ಆವೃತ್ತಿಯೂ ಇದೆ. ಬೇರೆ ಬೇರೆ ದೇಶಗಳಿಗೆ ಅವರವರ ಭಾಷೆಯಲ್ಲಿ ಹಾಡಿಕೊಡುವ ಪದ್ಧತಿ ಕೊರಿಯಾದವರದು ಎಂದುಕೊಂಡಿದ್ದ ನನ್ನ ಗೆಳತಿಯರಿಗೆ ಇದನ್ನು ಕೇಳಿಸಿದ್ದೇನೆ.

ಎರಡನೆಯದು, ಕಟುಕಿವಿಯವರ ಆಕ್ಷೇಪದ ಬಗ್ಗೆ. ‘ಜೋಡಿಸಿದ ತಂಡ’ ಎಂಬ ಮಾತನ್ನು ಕೆ-ಪಾಪ್ ಕೇಳುವ ನಾವು ದಿನವೂ ಕೇಳುತ್ತೇವೆ, ಹಾಗಾಗಿ ಅದು ನಮ್ಮನ್ನು ತಟ್ಟುವುದನ್ನೇ ನಿಲ್ಲಿಸಿದೆ. ಈ ಆಲ್ಬಮ್ ಬಂದ 1996ರಲ್ಲೇ, ಸೆಪ್ಟೆಂಬರ್‌ನಲ್ಲಿ, ಸೋಲ್‌ನ ಎಸ್‌ಎಂ ಸಂಸ್ಥೆ ಎಚ್.ಓ.ಟಿ. ಎಂಬ ಐವರ ತಂಡವನ್ನು ಹೊರತಂದಿತು. ಕೊರಿಯಾದ ಇಂದಿನ ಐಡಲ್ ತಂಡಗಳ ಪದ್ಧತಿ ಅಲ್ಲಿಂದ ಹಿಡಿದು ಬಂದದ್ದು. ಮುಂದೆ ಅದೇ ಸಂಸ್ಥೆಯ ತಂಡಗಳಿಗೆ ಸ್ವೀಡನ್ನಿನ ಸಂಯೋಜಕರೇ ಎಷ್ಟೋ ಹಾಡುಗಳನ್ನು ಕೊಟ್ಟರು. ಒಂದೇ ವರ್ಷ ಎರಡು ಕಡೆ ಶುರುವಾದ ದಾರಿಗಳು ಆಮೇಲೆ ಸ್ಟಾಕ್‌ಹೋಮ್‌ನಲ್ಲಿ ಕೂಡಿದವು ಎಂದರೆ, ಆ ಊರಿನ ಭಾಗವನ್ನು ನಾಲ್ಕನೇದನಿ ಅಕ್ಕ ಅಷ್ಟು ಹಗುರವಾಗಿ ತಳ್ಳಿಹಾಕಬಾರದೆಂದು ಅನ್ನಿಸಿತು.

ಇಷ್ಟವಾಗದ್ದು: ‘ಬಾಯ್ಸ್ ವಿಲ್ ಬಿ ಬಾಯ್ಸ್’. ಹೆಸರೇ ಈಗ ಕಿರಿಕಿರಿ ಮಾಡುತ್ತದೆ, ಹಾಡೂ ಅದನ್ನು ಮರೆಸುವಷ್ಟು ಚೆನ್ನಾಗಿಲ್ಲ.

ನಾಲ್ಕನೇದನಿ

ತಂಗಿ, ತಳ್ಳಿಹಾಕಲಿಲ್ಲ. ನನ್ನ ತಕರಾರು ಬೇರೆ. ಶೆರಾನ್‌ನ ಹಾಡುಗಳಲ್ಲಿ ಮ್ಯಾಕ್ಸ್ ಮಾರ್ಟಿನ್ ಮೊದಲು ತಾವೇ ಹಾಡಿ ಮಾದರಿ ಸಿದ್ಧಪಡಿಸುತ್ತಿದ್ದರು, ಗಾಯಕರು ಅದರ ಒಂದೊಂದು ತಿರುವನ್ನೂ ಹಾಗೆಯೇ ಹಿಡಿಯಬೇಕಿತ್ತು. ಆಮೇಲೆ ಅದೇ ದನಿಯನ್ನು ಪದರ ಪದರವಾಗಿ ಕೂಡಿಸುತ್ತಿದ್ದರು. ಫಲಿತಾಂಶ ಹೊಳೆಯುತ್ತದೆ, ನಿಜ. ಆದರೆ ಪದರಗಳು ಹೆಚ್ಚಿದಷ್ಟೂ ಐವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹಾಡುತ್ತಿದ್ದಾರೆ ಎಂಬ ಅನಿಸಿಕೆ ಕಡಿಮೆಯಾಗುತ್ತದೆ. ಮೇಳದಲ್ಲಿ ಹಾಡುವವರಿಗೆ ಪಕ್ಕದವರ ದನಿ ಸ್ವಲ್ಪ ಇಳಿದರೆ ನಾವೂ ಸ್ವಲ್ಪ ಇಳಿಸಿ ಹೊಂದಿಸಿಕೊಳ್ಳುವ ಅಭ್ಯಾಸವಿರುತ್ತದೆ, ಅದು ಬೇಡವೆಂದರೂ ನಡೆಯುತ್ತದೆ. ‘ಐ ವಿಲ್ ನೆವರ್ ಬ್ರೇಕ್ ಯುವರ್ ಹಾರ್ಟ್’ನಲ್ಲಿ ಅದು ಕೇಳಿಸುತ್ತದೆ, ‘ವಿ ಹ್ಯಾವ್ ಗಾಟ್ ಇಟ್ ಗೋಯಿನ್ ಆನ್’ನಲ್ಲಿ ಕೇಳಿಸುವುದಿಲ್ಲ.

1997ರ ಆಲ್ಬಮ್ ನನಗೆ ಕಡಿಮೆ ಇಷ್ಟವಾಗುವುದು ಈ ಕಾರಣಕ್ಕೆ. ‘ಆಸ್ ಲಾಂಗ್ ಆಸ್ ಯು ಲವ್ ಮೀ’ ಹಾಡಾಗಿ ಇವೆಲ್ಲಕ್ಕಿಂತ ಉತ್ತಮ, ಅದರಲ್ಲಿ ವಾದವಿಲ್ಲ. ಅಲ್ಲಿ ತಂಡ ಒಂದು ವಾದ್ಯವಾಗಿಬಿಟ್ಟಿದೆ.

ಮಲ್ಲೇಶ್ವರಂಮಾಮ

ಬೆಂಗಳೂರಿನಲ್ಲಿ ಈ ಹಾಡುಗಳು ಹೇಗೆ ತಲುಪಿದವು ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಖಾಸಗಿ ಎಫ್‌ಎಂ ಕೇಂದ್ರ ನಮ್ಮೂರಿಗೆ ಬಂದದ್ದು 2001ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಕೇಬಲ್‌ನಲ್ಲಿ ಬರುತ್ತಿದ್ದ ಚಾನೆಲ್ ವಿ ಮತ್ತು ಎಂಟಿವಿ, ಜೊತೆಗೆ ಕ್ಯಾಸೆಟ್. ಹೀಗಾಗಿ ನಮಗೆ ಈ ತಂಡ ಮೊದಲು ಕಣ್ಣಿಗೆ ಬಿತ್ತು, ಆಮೇಲೆ ಕಿವಿಗೆ. ಕಟುಕಿವಿಯವರ ಸಂಶಯದ ಬೇರು ಅಲ್ಲಿರಬಹುದು.

ಆದರೆ ಕಾಲೇಜು ಉತ್ಸವಗಳ ಪಾಶ್ಚಾತ್ಯ ಗುಂಪುಗಾಯನ ಸ್ಪರ್ಧೆಗಳಲ್ಲಿ ಈ ಹಾಡುಗಳನ್ನು ಎತ್ತಿಕೊಂಡ ಹುಡುಗರಿಗೆ ಬೇಗನೆ ತಿಳಿದ ಸತ್ಯವೆಂದರೆ, ನೋಡುವುದಕ್ಕೆ ಸುಲಭವಾಗಿ ಕಂಡದ್ದು ಹಾಡುವುದಕ್ಕೆ ಸುಲಭವಲ್ಲ ಎಂಬುದು. ಎಲ್ಲರೂ ಬ್ರಯಾನ್ ಸಾಲು ಹಾಡಲು ಸಿದ್ಧ, ಕೆವಿನ್ ಹಾಡುವ ಕೆಳಗಿನ ಸಾಲನ್ನು ಹಿಡಿಯಲು ಯಾರೂ ಸಿಗುತ್ತಿರಲಿಲ್ಲ. ನಮ್ಮ ಕಿವಿಗೆ ರೂಢಿಯಾಗಿರುವುದು ಶ್ರುತಿಯ ಮೇಲೆ ನಡೆಯುವ ಒಂದೇ ರಾಗರೇಖೆ. ಬೇರೆ ಸ್ವರ ಹಿಡಿದು ನಿಂತವನು ಎರಡೇ ಸಾಲಿನಲ್ಲಿ ಜಾರಿ ಮುಖ್ಯ ರಾಗಕ್ಕೇ ಬಂದು ಸೇರಿಬಿಡುತ್ತಿದ್ದ. ತಂಡ 2023ರ ಮೇ ತಿಂಗಳಲ್ಲಿ ಮುಂಬೈ ಮತ್ತು ದೆಹಲಿಯ ಬಳಿ ಹಾಡಿ, ಬೆಂಗಳೂರಿಗೆ ಬಾರದೆ ಹೋದದ್ದರ ಬೇಸರ ನನಗಿನ್ನೂ ಇದೆ.

ಕಟುಕಿವಿ

ಮಾಮ ಅವರೇ, ವಿಡಿಯೊ ನೋಡಿ ಸಂಶಯಪಟ್ಟವನಲ್ಲ ನಾನು, ಒಪ್ಪಂದದ ಕಥೆ ಓದಿ ಸಂಶಯಪಟ್ಟವನು. ಪರ್ಲ್‌ಮನ್ ತನ್ನನ್ನು ತಂಡದ ಆರನೇ ಸದಸ್ಯನೆಂದು ಒಪ್ಪಂದದಲ್ಲಿ ಬರೆಸಿಕೊಂಡು ಪಾಲು ಪಡೆಯುತ್ತಿದ್ದ. 1998ರಲ್ಲಿ ಹುಡುಗರು ಅವನ ಮೇಲೆ ಮೊಕದ್ದಮೆ ಹೂಡಿದರು. ಮುಂದೆ ಬೇರೆ ಹಣಕಾಸಿನ ವಂಚನೆಗೆ 2008ರಲ್ಲಿ ಅವನಿಗೆ 25 ವರ್ಷ ಶಿಕ್ಷೆಯಾಯಿತು, 2016ರಲ್ಲಿ ಸೆರೆಯಲ್ಲೇ ಸತ್ತ. ಈ ಆಲ್ಬಮ್‌ನ ಉಲ್ಲಾಸದ ಹಾಡುಗಳನ್ನು ಕೇಳುವಾಗ, ದುಡಿದವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಇದು ಸಂಗೀತದ ವಿಮರ್ಶೆಯಲ್ಲ ಎಂದು ನೀವು ಹೇಳಬಹುದು.

ಗೋಥೆನ್‌ಬರ್ಗಿನಿಂದ

ಹಾಗೆ ಹೇಳುವುದಿಲ್ಲ, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮೋಸ ಹೋದವರ ದುಡಿಮೆಯನ್ನು ನಾವೂ ಸೇರಿ ಕೀಳಾಗಿ ಕಂಡರೆ ಅವರಿಗೆ ಎರಡು ಸಲ ಅನ್ಯಾಯ ಮಾಡಿದಂತಾಗುತ್ತದೆ. ಡೆನ್ನಿಸ್ ಪಾಪ್ ಅವರ ವಿಷಯದಲ್ಲೂ ನನಗೆ ಹೀಗೆಯೇ ಅನ್ನಿಸುತ್ತದೆ. 1998ರ ಆಗಸ್ಟ್‌ನಲ್ಲಿ, 35ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ಈ ಹಾಡುಗಳಿಗೆ ಅಮೆರಿಕದ ಬಾಗಿಲು ತೆರೆದು ವರ್ಷವಷ್ಟೇ ಆಗಿತ್ತು. ಎರಡು ವರ್ಷಗಳಲ್ಲಿ ಸ್ಟುಡಿಯೊ ಕೂಡ ಮುಚ್ಚಿತು. ಮುಂದಿನ ಕೀರ್ತಿಯೆಲ್ಲ ಮ್ಯಾಕ್ಸ್ ಮಾರ್ಟಿನ್ ಹೆಸರಿಗೆ ಹೋಯಿತು.

ಶಿವಮೊಗ್ಗೆಯಓದುಗ

ಬಹಳ ದಿನಗಳ ನಂತರ ಒಂದು ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಸಣ್ಣ ಪ್ರಶ್ನೆ: ಮನೆಯಲ್ಲಿ ಅಣ್ಣ ಬಿಟ್ಟುಹೋದ ಒಂದು ಸಿಡಿ ಇದೆ, ಮೇಲೆ ತಂಡದ ಹೆಸರು ಮಾತ್ರ ಇದೆ. ಅದು ನೀವು ಹೇಳುತ್ತಿರುವ ಎರಡರಲ್ಲಿ ಯಾವುದು ಎಂದು ತಿಳಿಯುವುದು ಹೇಗೆ?

ಹಳೇಕ್ಯಾಸೆಟ್

ಹಿಂಬದಿಯ ಹಾಡುಗಳ ಪಟ್ಟಿ ನೋಡಿ. ‘ಬಾಯ್ಸ್ ವಿಲ್ ಬಿ ಬಾಯ್ಸ್’ ಮತ್ತು ‘ರೋಲ್ ವಿತ್ ಇಟ್’ ಇದ್ದರೆ ಅದು 1996ರದ್ದು. ‘ಆಸ್ ಲಾಂಗ್ ಆಸ್ ಯು ಲವ್ ಮೀ’ ಮತ್ತು ‘ಆಲ್ ಐ ಹ್ಯಾವ್ ಟು ಗಿವ್’ ಇದ್ದರೆ ಅಮೆರಿಕದ 1997ರದ್ದು. ಅದರ ಜೊತೆಗೆ ‘ಎವ್ರಿಬಡಿ’ ಕೂಡ ಇದ್ದರೆ, 1998ರಲ್ಲಿ ಮರುಮುದ್ರಣವಾದ ಪ್ರತಿ. ತಂಡ ಮರಳಿ ಬಂದಿದೆ ಎಂದು ಸಾರುವ ಹಾಡನ್ನು, ಇನ್ನೂ ಬಂದೇ ಇರದ ದೇಶದ ಮೊದಲ ಆಲ್ಬಮ್‌ನಲ್ಲಿ ಹಾಕುವುದು ಹೇಗೆಂದು ಕಂಪನಿಯವರು ಹಿಂಜರಿದು ಅದನ್ನು ಬಿಟ್ಟಿದ್ದರು. ಕೆನಡಾದ ಕಡೆಯಿಂದ ಹಾಡು ಕೇಳಿಸತೊಡಗಿ ಗಡಿ ಭಾಗದ ರೇಡಿಯೊಗಳು ಅದನ್ನು ಹಾಕಲು ಶುರುಮಾಡಿದ ಮೇಲೆ ಸೇರಿಸಿದರು.

ಯಾವುದೇ ಆಗಿರಲಿ, ನಾಲ್ಕನೇದನಿ ಅವರು ಹೇಳಿದ ಹಾಡನ್ನು ಮೊದಲು ಹಾಕಿ; ಎರಡು ಆಲ್ಬಮ್‌ಗಳಲ್ಲೂ ಅದು ಇದೆ. ಪಲ್ಲವಿಯ ಕೆಳಗಿನ ಸಾಲು ನಿಮಗೆ ಕೇಳಿಸಿತೋ ಇಲ್ಲವೋ ಇಲ್ಲಿ ಬಂದು ತಿಳಿಸಿ.